ಹಗ್ಗದಲ್ಲಿ ಹೊಲಿದ ಹಡಗು ಮುಳುಗಲ್ವಾ?

2025ರ ಮೇ 21. ಕಾರವಾರದ ನೌಕಾನೆಲೆಯಿಂದ ದೃಶ್ಯಗಳು ಬಂದವು. ಬೂದು ಬಣ್ಣದ ಯುದ್ಧನೌಕೆಗಳ ಊರಲ್ಲಿ ಒಂದು ಮರದ ಹಡಗು. ಚೌಕಾಕಾರದ ಹಾಯಿ, ಹಾಯಿಯ ಮೇಲೆ ಗಂಡಭೇರುಂಡ. ಅವತ್ತು ನೌಕಾಪಡೆಗೆ ಸೇರಿದ ಆ ಹಡಗಿನ ಹೆಸರು ಐಎನ್‌ಎಸ್‌ವಿ ಕೌಂಡಿನ್ಯ. ನಾವು ಏನು ಮಾಡಿದ್ವಿ? ಟಿವಿಯವರು ಏನು ಮಾಡ್ತಾರೋ ಅದನ್ನೇ. "ಮೊಳೆಯೇ ಇಲ್ಲದ ಹಡಗು! ಹಗ್ಗದಲ್ಲಿ ಹೊಲಿದ ಅಚ್ಚರಿ!" ಅಂತ ಕೆಳಗಡೆ ಪಟ್ಟಿ ಓಡಿಸಿದ್ವಿ. ನಾನೂ ಅದನ್ನ ಗಂಟಲು ಏರಿಸಿ ಓದಿದೆ.

ಮರುದಿನ ಹೊನ್ನಾವರ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದ್ರು. "ತಮ್ಮಾ, ಮೊಳೆ ಇಲ್ಲ, ಮೊಳೆ ಇಲ್ಲ ಅಂತ ಹತ್ತು ಸಲ ಹೇಳ್ದೆ. ಮತ್ತೆ ನೀರು ಒಳಗೆ ಬರೋದಿಲ್ವಾ? ಅದೊಂದ್ನ ಹೇಳೇ ಇಲ್ಲ ನೀನು."

ಇಂಜಿನಿಯರಿಂಗ್ ಓದಿದವನು ನಾನು. ವರ್ಕ್‌ಶಾಪಿನಲ್ಲಿ ಮರದ ತುಂಡುಗಳನ್ನ ಉಜ್ಜಿ ಉಜ್ಜಿ ಜೋಡಿಸಿ, ಅದೂ ಸರಿಯಾಗಿ ಕೂರದೆ, ಬೈಸಿಕೊಂಡವನು. ಎರಡು ಹಲಗೆಗಳ ನಡುವಿನ ಸಂದು ಎಷ್ಟು ಕಾಡುತ್ತೆ ಅಂತ ನನಗೆ ಗೊತ್ತಿರಬೇಕಿತ್ತು. ಆದರೂ ಆ ಪ್ರಶ್ನೆ ಹೊಳೆಯಲಿಲ್ಲ. ಅಚ್ಚರಿ ಅಂತ ಕೂಗೋದು ಸುಲಭ. ಅದು ಹೇಗೆ ತೇಲುತ್ತೆ ಅಂತ ಕೇಳೋದು ನಮ್ಮ ಕೆಲಸ. ಅವತ್ತು ಆ ಕೆಲಸ ಮಾಡಿರಲಿಲ್ಲ. ಇವತ್ತು ಮಾಡೋಣ.

ಮೊದಲು ಹಡಗಿನ ಕಥೆ. 2023ರ ಜುಲೈನಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವಾದ ಹೋಡಿ ಇನೋವೇಷನ್ಸ್ ಸಂಸ್ಥೆಯ ನಡುವೆ ಒಪ್ಪಂದ ಆಯಿತು. ದುಡ್ಡು ಸಚಿವಾಲಯದ್ದು. ಆ ವರ್ಷದ ಸೆಪ್ಟೆಂಬರ್ 12ಕ್ಕೆ ಹಡಗಿನ ತಳದ ತೊಲೆ, ಅಂದ್ರೆ ಕೀಲ್, ಇಟ್ಟರು. ಕೇರಳದ ಬಾಬು ಶಂಕರನ್ ಮತ್ತು ಅವರ ಜೊತೆಗಾರ ಕುಶಲಕರ್ಮಿಗಳು ಕೈಯಿಂದಲೇ ಹೊಲಿದರು. 2025ರ ಫೆಬ್ರವರಿಯಲ್ಲಿ ಹಡಗು ನೀರಿಗಿಳಿಯಿತು. ಒಟ್ಟು ಸುಮಾರು 17 ತಿಂಗಳ ಕೆಲಸ.

ಮಾದರಿ ಯಾವುದು? ಅಜಂತಾ ಗುಹೆಯ ಒಂದು ಚಿತ್ರ. ಐದನೇ ಶತಮಾನದ್ದು. ಇಲ್ಲೇ ಇರೋದು ದೊಡ್ಡ ತೊಡಕು. ಚಿತ್ರದಲ್ಲಿ ಹಡಗಿನ ಒಂದು ಮಗ್ಗುಲು ಕಾಣುತ್ತೆ, ಅಷ್ಟೇ. ಅಗಲ ಎಷ್ಟು, ನೀರಿನೊಳಗಿನ ಭಾಗ ಹೇಗಿತ್ತು, ಹಾಯಿಕಂಬ ಎಷ್ಟು ಗಾಳಿ ತಡೀತಿತ್ತು? ಚಿತ್ರಕಾರ ಅದನ್ನೆಲ್ಲ ಬರೆದಿಡಲಿಲ್ಲ. ಆ ಕಾಲದ ನಕ್ಷೆ ಇಲ್ಲ, ನೋಡಿ ಅಳೆಯೋಕೆ ಹಡಗೂ ಉಳಿದಿಲ್ಲ.

ನಮ್ಮ ಕಡೆಯದ್ದೂ ಇದೇ ಕಥೆ. 634ರ ಐಹೊಳೆ ಶಾಸನ ನೋಡಿ. ಇಮ್ಮಡಿ ಪುಲಿಕೇಶಿ ನೂರಾರು ಹಡಗುಗಳಿಂದ ಪಶ್ಚಿಮ ಸಮುದ್ರದ ಪುರಿ ಪಟ್ಟಣಕ್ಕೆ ಮುತ್ತಿಗೆ ಹಾಕಿದ ಅಂತ ರವಿಕೀರ್ತಿ ವರ್ಣಿಸ್ತಾನೆ. ಮದಿಸಿದ ಆನೆಗಳಂಥ ಹಡಗುಗಳು ಅನ್ನೋ ಹೋಲಿಕೆ ಕೊಡ್ತಾನೆ. ಕೇಳೋಕೆ ಮೈ ಜುಮ್ಮನ್ನುತ್ತೆ. ಆದರೆ ಆ ಹಡಗು ಕಟ್ಟಿದವನ ಹೆಸರೇನು, ಯಾವ ಮರ, ಯಾವ ಹಗ್ಗ? ಒಂದು ಅಕ್ಷರವೂ ಇಲ್ಲ. ಗೆದ್ದವನ ಹೆಸರು ಕಲ್ಲಿನ ಮೇಲೆ ಉಳೀತು. ಕಟ್ಟಿದವನ ವಿದ್ಯೆ ಕೈಯಿಂದ ಕೈಗೆ ದಾಟಿದರೆ ಮಾತ್ರ ಉಳೀಬೇಕು.

ಹಾಗಾಗಿ ಕೌಂಡಿನ್ಯದಲ್ಲಿ ಎರಡು ಬಗೆಯ ತಿಳಿವಳಿಕೆ ಸೇರಿಸಿದರು. ಹೊಲಿಗೆ ಕುಶಲಕರ್ಮಿಗಳದ್ದು. ಲೆಕ್ಕಾಚಾರ ನೌಕಾಪಡೆಯ ಇಂಜಿನಿಯರುಗಳದ್ದು. ಐಐಟಿ ಮದ್ರಾಸಿನ ಸಾಗರ ಇಂಜಿನಿಯರಿಂಗ್ ವಿಭಾಗದಲ್ಲಿ ಚಿಕ್ಕ ಮಾದರಿ ಮಾಡಿ ನೀರಿನಲ್ಲಿ ಅದರ ನಡವಳಿಕೆ ಪರೀಕ್ಷಿಸಿದರು. ಹಾಯಿಕಂಬದ ಬಲವನ್ನ ನೌಕಾಪಡೆಯೇ ಲೆಕ್ಕ ಹಾಕಿತು. ಅಂದ್ರೆ ಇದು ಅಜಂತಾ ಹಡಗಿನ ನಕಲು ಅನ್ನೋದಕ್ಕಿಂತ, "ಹೀಗಿದ್ದಿರಬಹುದು" ಅನ್ನೋ ಒಂದು ಊಹೆ. ಸಮುದ್ರದಲ್ಲಿ ಇಳಿಸಿ ಪರೀಕ್ಷೆ ಮಾಡಬಹುದಾದ ಊಹೆ.

ಈಗ ಹೊಲಿಗೆಗೆ ಬರೋಣ. ಇವತ್ತಿನ ಮರದ ದೋಣಿಗೆ ಸಾಮಾನ್ಯವಾಗಿ ಮೊದಲು ಪಕ್ಕೆಲುಬು ನಿಲ್ಲಿಸ್ತಾರೆ, ಆಮೇಲೆ ಹಲಗೆ ಹೊಡೀತಾರೆ. ಹೊಲಿದ ಹಡಗಿನಲ್ಲಿ ಉಲ್ಟಾ. ಮೊದಲು ಹಲಗೆಗಳ ಚಿಪ್ಪು, ಆಮೇಲೆ ಒಳಗೆ ಪಕ್ಕೆಲುಬು. ಹಲಗೆಗೆ ಆವಿ ಹಿಡಿಸಿ ಮೆತ್ತಗೆ ಮಾಡ್ತಾರೆ. ಬಿಸಿ ಇರುವಾಗಲೇ ಬಾಗಿಸಿ, ಪಕ್ಕದ ಹಲಗೆಯ ಅಂಚಿಗೆ ಅಂಚು ಕೂರಿಸ್ತಾರೆ. ಎರಡೂ ಅಂಚುಗಳುದ್ದಕ್ಕೆ ಜೋಡಿ ಜೋಡಿ ತೂತು. ಸಂದಿನ ಮೇಲೆ ಒಳಗಡೆಯಿಂದ ತೆಂಗಿನ ನಾರಿನ ಸುರುಳಿ ಇಡ್ತಾರೆ. ಒಬ್ಬ ಹೊರಗೆ, ಒಬ್ಬ ಒಳಗೆ ನಿಂತು ಹುರಿಹಗ್ಗ ದಾಟಿಸಿ ಬಿಗಿ ಎಳೀತಾರೆ. ಒಬ್ಬ ಸಡಿಲ ಬಿಟ್ಟರೆ ಇನ್ನೊಬ್ಬನ ಶ್ರಮ ನೀರುಪಾಲು. ಕೊನೆಗೆ ತೂತುಗಳಿಗೆ ನಾರು ತುಂಬಿ, ರಾಳ ಮತ್ತು ಮೀನೆಣ್ಣೆ ಬಳೀತಾರೆ.

ನೀರಿಗಿಳಿದ ಮೇಲೆ ಇನ್ನೊಂದು ಕೆಲಸ ತಾನಾಗೇ ಆಗುತ್ತೆ. ಮರ ನೀರು ಕುಡಿದು ಉಬ್ಬುತ್ತೆ. ಹಲಗೆಗಳು ಒಂದನ್ನೊಂದು ಒತ್ತುತ್ತವೆ. ಹಗ್ಗ ಅವನ್ನ ಬಿಡೋದಿಲ್ಲ, ಸಂದು ಬಿಗಿಯಾಗುತ್ತೆ.

ಹಗ್ಗ ಕೊಳೆಯಲ್ವಾ? ತೆಂಗಿನ ಸಿಪ್ಪೆಯನ್ನ ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ಕೊಳೆಹಾಕಿ, ಬಡಿದು ನಾರು ತೆಗೆಯೋದನ್ನ ಕರಾವಳಿಯವರು ನೋಡಿರ್ತೀರಿ. ಕೊಳೆಯೋದೆಲ್ಲ ಅಲ್ಲೇ ಕೊಳೆತು ಹೋಗುತ್ತೆ. ಉಳಿಯೋದು ಗಟ್ಟಿ ನಾರು, ಉಪ್ಪುನೀರಿಗೆ ಸುಲಭಕ್ಕೆ ಜಗ್ಗದ ನಾರು. ಕಬ್ಬಿಣದ ಮೊಳೆ ಹಾಗಲ್ಲ. ಉಪ್ಪುನೀರಲ್ಲಿ ತುಕ್ಕು ಹಿಡಿಯುತ್ತೆ, ಸುತ್ತಲಿನ ಮರವನ್ನೂ ತಿನ್ನುತ್ತೆ.

ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು' ಗ್ರಂಥ ಕೂಡ ಸಮುದ್ರದ ಹಡಗಿನ ಹಲಗೆ ಜೋಡಿಸಲು ಕಬ್ಬಿಣ ಬೇಡ ಅನ್ನುತ್ತೆ. ಕಾರಣ ಮಾತ್ರ ಬೇರೆ: ಸಮುದ್ರದೊಳಗಿನ ಅಯಸ್ಕಾಂತದ ಬಂಡೆಗಳು ಹಡಗನ್ನ ಎಳೆದುಬಿಡ್ತವಂತೆ! ಬಂಡೆಯ ಮಾತು ನಂಬಿಕೆ. "ಪ್ರಾಚೀನರಿಗೆ ಎಲ್ಲ ವಿಜ್ಞಾನವೂ ಗೊತ್ತಿತ್ತು" ಅನ್ನೋರಿಗೂ, "ಏನೂ ಗೊತ್ತಿರಲಿಲ್ಲ" ಅನ್ನೋರಿಗೂ ಇದೊಂದು ಪಾಠ. ಕೈಗೆ ಗೊತ್ತಿದ್ದ ಸತ್ಯಕ್ಕೆ ಬಾಯಿ ಕೆಲವೊಮ್ಮೆ ತಪ್ಪು ಕಾರಣ ಕೊಡುತ್ತೆ.

ಹೊಲಿಗೆ ಒಳ್ಳೆಯದೋ ಕೆಟ್ಟದ್ದೋ? ನಮ್ಮ ಸ್ಟುಡಿಯೋ ಚರ್ಚೆಯ ಹಾಗೆ ಇದಕ್ಕೂ ಇಬ್ಬರು ಪ್ಯಾನೆಲಿಸ್ಟ್ ಇದ್ದಾರೆ. ಹದಿಮೂರನೇ ಶತಮಾನದ ಮಾರ್ಕೋ ಪೋಲೋ ಹೊರ್ಮುಜ್ ಬಂದರಿನಲ್ಲಿ ಹೊಲಿದ ಹಡಗು ಕಂಡು ಮೂಗು ಮುರಿದ. ಇವು ಅಪಾಯಕಾರಿ, ಬಹಳ ಮುಳುಗ್ತವೆ ಅಂದ. ಹದಿನಾಲ್ಕನೇ ಶತಮಾನದ ಇಬ್ನ್ ಬತೂತ, ಅಂದ್ರೆ ನಮ್ಮ ಹೊನ್ನಾವರಕ್ಕೂ ಬಂದು ಹೋದ ಪ್ರವಾಸಿ, ಹೊಗಳಿದ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತೆ, ಹೊಲಿದದ್ದು ಬಾಗುತ್ತೆ, ಒಡೆಯಲ್ಲ ಅಂದ.

ಇಬ್ಬರೂ ಸರಿ. ಮೊಳೆಯ ಜಾಗದಲ್ಲಿ ಇಡೀ ಹೊಡೆತ ಒಂದೇ ತೂತಿನ ಮೇಲೆ ಬೀಳುತ್ತೆ, ಹಲಗೆ ಅಲ್ಲಿಂದಲೇ ಸೀಳುತ್ತೆ. ಹೊಲಿಗೆಯಲ್ಲಿ ಆ ಹೊಡೆತ ಉದ್ದಕ್ಕೂ ಹಂಚಿಹೋಗುತ್ತೆ. ಆದರೆ ಬಾಗೋ ಹಡಗಿನ ಸಂದು ಅಲುಗಾಡುತ್ತೆ, ನೀರು ಜಿನುಗುತ್ತೆ. ಅದನ್ನ ಎತ್ತಿ ಹೊರಗೆ ಚೆಲ್ಲುತ್ತಲೇ ಇರಬೇಕು. ಹಗ್ಗ ಸವೆದಂತೆ ಬಿಚ್ಚಿ ಮತ್ತೆ ಹೊಲಿಯಬೇಕು. ಪೋರ್ಚುಗೀಸರು ಬಂದ ಮೇಲೆ ಪಶ್ಚಿಮ ಕರಾವಳಿಯ ದೊಡ್ಡ ಹಡಗುಗಳಲ್ಲಿ ಮೊಳೆ ನಿಧಾನಕ್ಕೆ ಜಾಗ ಹಿಡಿಯಿತು. ಹೊಲಿಗೆ ರಂಪಣಿ ದೋಣಿಯಂಥ ಮೀನುಗಾರರ ದೋಣಿಗಳಲ್ಲಿ ಉಳಿಯಿತು. ಆಮೇಲೆ ಫೈಬರ್ ಬಂತು, ಅಲ್ಲೂ ಕಮ್ಮಿಯಾಯಿತು.

ಈಗ ಪರೀಕ್ಷೆಯ ಫಲಿತಾಂಶ. 2025ರ ಡಿಸೆಂಬರ್ 29ಕ್ಕೆ ಕೌಂಡಿನ್ಯ ಗುಜರಾತಿನ ಪೋರಬಂದರಿನಿಂದ ಹೊರಟಿತು. ಉದ್ದ ಸುಮಾರು 20 ಮೀಟರ್, ಇಂಜಿನ್ ಇಲ್ಲ. ದಿಕ್ಕು ತಿರುಗಿಸೋಕೆ ಇವತ್ತಿನ ಚುಕ್ಕಾಣಿಯೂ ಇಲ್ಲ, ಹಿಂದುಗಡೆ ಉದ್ದನೆಯ ಹುಟ್ಟುಗಳು. 2026ರ ಜನವರಿ 14, ನಮ್ಮಲ್ಲಿ ಸಂಕ್ರಾಂತಿಯ ಹೊತ್ತಿಗೆ, ಒಮಾನಿನ ಮಸ್ಕತ್ ತಲುಪಿತು. ಊಹೆ ತೇಲಿತು. ಹೊಲಿಗೆ ತಡೆಯಿತು.

ಇದು ಮೊದಲ ಸಲವೂ ಅಲ್ಲ. 1980ರಲ್ಲಿ ಟಿಮ್ ಸೆವೆರಿನ್ ಒಮಾನಿನಲ್ಲಿ 'ಸೊಹಾರ್' ಕಟ್ಟಿಸಿ ಚೀನಾವರೆಗೆ ಹೋದರು. ಮರ ಮಲಬಾರಿನದ್ದು, ಹೊಲಿಯೋಕೆ ಬಂದವರು ಲಕ್ಷದ್ವೀಪದವರು. ಇಂಡೊನೇಷ್ಯಾದ ಬೆಲಿತುಂಗ್ ಬಳಿ 1998ರಲ್ಲಿ ಒಂಬತ್ತನೇ ಶತಮಾನದ ಹೊಲಿದ ಹಡಗಿನ ಅವಶೇಷ ಸಿಕ್ಕಿತು. ಅದನ್ನ ನೋಡಿ ಒಮಾನ್ 'ಜ್ಯೂಯೆಲ್ ಆಫ್ ಮಸ್ಕತ್' ಕಟ್ಟಿ, 2010ರಲ್ಲಿ ಸಿಂಗಾಪುರಕ್ಕೆ ಕಳಿಸಿತು. ಅದಕ್ಕೂ ಹಗ್ಗದ ಕೆಲಸಕ್ಕೆ ಕೇರಳದ ಕೈಗಳೇ ಬೇಕಾದವು. ಗಮನಿಸಿ. ದೇಶ ಬೇರೆ, ದುಡ್ಡು ಬೇರೆ, ಹಡಗು ಬೇರೆ. ಹೊಲಿಯೋಕೆ ಮಾತ್ರ ನಮ್ಮ ಕಡಲ ತೀರದ ಕೆಲವೇ ಮನೆಗಳ ಜನರನ್ನ ಹುಡುಕಿಕೊಂಡು ಬರಬೇಕಾಯ್ತು.

ಈಗ ಅಸಲು ಪ್ರಶ್ನೆ. ಮುಂದಿನ ಹಡಗಿಗೆ ಆ ಕೈಗಳು ಇರ್ತಾವಾ? ಒಂದು ಹಡಗು ಹೊಲಿದ ಮೇಲೆ ಹತ್ತು ವರ್ಷ ಕೆಲಸ ಇಲ್ಲ ಅಂದ್ರೆ, ಆ ಕುಶಲಕರ್ಮಿಯ ಮಗ ಯಾಕೆ ಕಲೀಬೇಕು? ಅವನು ಗಲ್ಫಿಗೆ ಹೋಗ್ತಾನೆ, ಆಟೋ ಓಡಿಸ್ತಾನೆ. ತಪ್ಪು ಅವನದ್ದಲ್ಲ. ಹಡಗನ್ನ ಮ್ಯೂಸಿಯಂನಲ್ಲಿ ಇಟ್ಟು ಟಿಕೆಟ್ ಹರಿದರೆ ಮರ ಉಳಿಯುತ್ತೆ, ವಿದ್ಯೆ ಉಳಿಯಲ್ಲ. ಹೊಲಿದ ಹಡಗನ್ನ ಆಗಾಗ ಬಿಚ್ಚಿ ಹೊಲಿಯಲೇಬೇಕು. ಆ ಖರ್ಚನ್ನ ನಷ್ಟ ಅಂತ ಬರೆಯಬೇಡಿ. ಪ್ರತಿ ರಿಪೇರಿಯಲ್ಲೂ ಹಿರಿಯನೊಬ್ಬನ ಜೊತೆ ಇಬ್ಬರು ಹುಡುಗರನ್ನ ಸಂಬಳ ಕೊಟ್ಟು ನಿಲ್ಲಿಸಿ. ಅದೇ ಶಾಲೆ.

ಕರಾವಳಿಯ ವೀಕ್ಷಕರಿಗೆ ಒಂದು ಮಾತು. ನಿಮ್ಮ ಕೇರಿಯಲ್ಲಿ ದೋಣಿ ಹೊಲಿದ ಅಜ್ಜ ಇದ್ರೆ, ಈ ಭಾನುವಾರ ಫೋನ್ ಹಿಡಿದು ಹತ್ತು ನಿಮಿಷ ವಿಡಿಯೋ ಮಾಡಿ. ಗಂಟು ಹೇಗೆ ಹಾಕ್ತಾರೆ, ಹಗ್ಗ ಹೇಗೆ ಎಳೀತಾರೆ, ಆ ಉಪಕರಣಕ್ಕೆ ನಿಮ್ಮ ಮಾತಿನಲ್ಲಿ ಏನಂತಾರೆ, ಕೇಳಿ ಇಟ್ಟುಕೊಳ್ಳಿ. ಐಹೊಳೆ ಶಾಸನದಲ್ಲಿ ಇಲ್ಲದ್ದು ಅದೇ.

ಇನ್ನು, ಫೋನ್ ಮಾಡಿದ್ದ ಆ ಹಿರಿಯರಿಗೆ ಉತ್ತರ. ಹೌದು ಯಜಮಾನರೇ, ನೀರು ಒಳಗೆ ಬರುತ್ತೆ. ಸ್ವಲ್ಪ. ಎತ್ತಿ ಹಾಕೋಕೆ ಹಡಗಿನಲ್ಲಿ ಜನ ಇರ್ತಾರೆ. ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ. ಕ್ಷಮೆ ಇರಲಿ.