ಕಿತ್ತಳೆ ಐಸ್‌ಕ್ಯಾಂಡಿ: ಮಂಜುಗಡ್ಡೆಯ ನಡುವಿನ ಪಾಕ

ಬೇಸಿಗೆ ರಜೆಯಲ್ಲಿ ಮಕ್ಕಳು ಐಸ್‌ಕ್ಯಾಂಡಿ ತಿನ್ನುವುದನ್ನು ಗಮನಿಸಿ ನೋಡಿ. ಅವರು ಮೊದಲಿಗೆ ಕಚ್ಚುವುದಿಲ್ಲ. ತುದಿಯನ್ನು ಬಾಯಿಗಿಟ್ಟು ಜೋರಾಗಿ ಹೀರುತ್ತಾರೆ. ನಾಲ್ಕಾರು ಸಲ ಹೀರಿದ ಮೇಲೆ ತುದಿಯ ಕಿತ್ತಳೆ ಬಣ್ಣ ಮಾಯವಾಗಿ ಬೆಳ್ಳನೆಯ ಮಂಜುಗಡ್ಡೆ ಉಳಿಯುತ್ತದೆ. ಅದನ್ನು ಕಚ್ಚಿದರೆ ಸಿಹಿಯೂ ಇಲ್ಲ, ಹುಳಿಯೂ ಇಲ್ಲ. ಕಬ್ಬು ಜಗಿದು ರಸ ಹೀರಿಕೊಂಡ ಮೇಲೆ ಹಿಪ್ಪೆ ಉಳಿಯುತ್ತದಲ್ಲ, ಹಾಗೆ.

ಹೀರಿದಾಗ ಬಣ್ಣ ಮತ್ತು ಸಿಹಿ ಅಷ್ಟು ಸಲೀಸಾಗಿ ಬಾಯಿಗೆ ಬಂದವು ಎಂದರೆ, ಅವು ಕ್ಯಾಂಡಿಯೊಳಗೆ ಗಟ್ಟಿಯಾಗದೆ ಪಾಕದ ರೂಪದಲ್ಲೇ ಇದ್ದವು ಎಂದು ಅರ್ಥ. ಕಲ್ಲಿನಂತೆ ಕಾಣುವ ಐಸ್‌ಕ್ಯಾಂಡಿ ಪೂರ್ತಿ ಹೆಪ್ಪುಗಟ್ಟಿರುವುದಿಲ್ಲ. ನೀರಿನ ಹರಳುಗಳು, ಅವುಗಳ ಸಂದಿಯಲ್ಲಿ ಅಂಟಿಕೊಂಡ ಗಟ್ಟಿ ಪಾಕ, ಇವೆರಡೂ ಸೇರಿದರೇನೇ ಕ್ಯಾಂಡಿ. ಮನೆಯಲ್ಲಿ ಮಾಡಿದ ಕ್ಯಾಂಡಿ ಹಲ್ಲಿಗೆ ಹಿತವಾಗುತ್ತದೋ, ಹಲ್ಲು ಮುರಿಯುವಂತಾಗುತ್ತದೋ ಎಂಬುದನ್ನು ತೀರ್ಮಾನಿಸುವುದು ಇವೆರಡರ ಪ್ರಮಾಣ. ಇದೊಂದನ್ನು ತಿಳಿದುಕೊಂಡರೆ ಅಳತೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಸಕ್ಕರೆ ಮಾಡುವ ಕೆಲಸ

ಶುದ್ಧ ನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ನೀರಿನಲ್ಲಿ ಸಕ್ಕರೆ ಕರಗಿದ್ದರೆ ಅದರ ಕಣಗಳು ನೀರಿನ ಕಣಗಳು ಸಾಲಾಗಿ ಜೋಡಿಕೊಳ್ಳುವುದಕ್ಕೆ ಅಡ್ಡ ಬರುತ್ತವೆ. ಹಾಗಾಗಿ ಕಿತ್ತಳೆ ರಸ ಹೆಪ್ಪುಗಟ್ಟಲು ಶುರುವಾಗುವುದು ಸೊನ್ನೆಗಿಂತ ಸುಮಾರು ಒಂದು ಡಿಗ್ರಿ ಕೆಳಗೆ. ಮೊದಲ ಹರಳುಗಳು ಬರೀ ನೀರಿನವು. ಹರಳು ಬೆಳೆಯುತ್ತಾ ಸಕ್ಕರೆ, ಹುಳಿ, ಬಣ್ಣಗಳನ್ನು ಪಕ್ಕಕ್ಕೆ ತಳ್ಳುತ್ತದೆ. ಉಳಿದ ದ್ರವ ಇನ್ನಷ್ಟು ಸಿಹಿಯಾಗುತ್ತದೆ, ಅದನ್ನು ಹೆಪ್ಪುಗಟ್ಟಿಸಲು ಇನ್ನಷ್ಟು ಚಳಿ ಬೇಕಾಗುತ್ತದೆ. ಹೀಗೇ ಸಾಗಿ, ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿ ತಲುಪುವ ಹೊತ್ತಿಗೆ ಸಂದಿಯಲ್ಲಿರುವ ಪಾಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸಕ್ಕರೆಯೇ ಆಗಿರುತ್ತದೆ.

ಲೆಕ್ಕ ಇಲ್ಲಿಂದ ಸುಲಭ. ಕಿತ್ತಳೆ ರಸದಲ್ಲಿ ಸಹಜವಾಗಿ ನೂರಕ್ಕೆ ಸುಮಾರು 10 ಪಾಲು ಸಕ್ಕರೆ ಇರುತ್ತದೆ. ಬರೀ ರಸವನ್ನೇ ಫ್ರೀಜರಿಗೆ ಇಟ್ಟರೆ ಅದರಲ್ಲಿ 85 ಪಾಲು ಮಂಜುಗಡ್ಡೆ, 15 ಪಾಲು ಪಾಕ. ಕಚ್ಚಲು ಬಾರದಷ್ಟು ಗಟ್ಟಿ. ಒಟ್ಟು ಸಕ್ಕರೆ 15ರಿಂದ 17 ಪಾಲಿಗೆ ಏರಿದರೆ ಮುಕ್ಕಾಲು ಭಾಗ ಮಂಜುಗಡ್ಡೆ, ಕಾಲು ಭಾಗ ಪಾಕ. ಕಚ್ಚಲೂ ಬರುತ್ತದೆ, ಕಡ್ಡಿಯ ಮೇಲೆ ನಿಲ್ಲುತ್ತದೆ ಕೂಡ. 30 ಪಾಲು ಸಕ್ಕರೆ ಸುರಿದರೆ ಅರ್ಧದ ಹತ್ತಿರ ಪಾಕವೇ ಆಗಿ, ರಾತ್ರಿಯಿಡೀ ಇಟ್ಟರೂ ಮೆತ್ತಗೇ ಉಳಿದು ಕಡ್ಡಿಯಿಂದ ಜಾರುತ್ತದೆ. "ಮಕ್ಕಳ ಆರೋಗ್ಯಕ್ಕೆ ಒಳ್ಳೆಯದು" ಎಂದು ಸಕ್ಕರೆಯನ್ನೇ ಹಾಕದೆ ಮಾಡಿದ ಕ್ಯಾಂಡಿ ಯಾಕೆ ಕಲ್ಲಾಯಿತು ಎಂಬ ಪ್ರಶ್ನೆಗೂ ಉತ್ತರ ಇದೇ. ಸಕ್ಕರೆ ಇಲ್ಲಿ ರುಚಿಗಷ್ಟೇ ಇಲ್ಲ, ಮೆದುತನಕ್ಕೂ ಬೇಕು.

ಸಕ್ಕರೆಯ ಅರ್ಧ ಭಾಗಕ್ಕೆ ಜೇನುತುಪ್ಪ ಬಳಸಿದರೆ ಕ್ಯಾಂಡಿ ಇನ್ನೂ ಮೆದುವಾಗುತ್ತದೆ. ಜೇನಿನಲ್ಲಿರುವ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕಣಗಳು ಸಕ್ಕರೆಯ ಕಣದ ಅರ್ಧದಷ್ಟೇ ದೊಡ್ಡವು. ಅದೇ ತೂಕದಲ್ಲಿ ಸುಮಾರು ಎರಡರಷ್ಟು ಕಣಗಳು ಸಿಗುತ್ತವೆ, ಅಡ್ಡಿಯೂ ಎರಡರಷ್ಟು. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಬೆರೆತದ್ದನ್ನು ಯಾವ ರೂಪದಲ್ಲೂ ಕೊಡಬಾರದು.

ಹಣ್ಣು ಮತ್ತು ಕಹಿ

ನಮ್ಮಲ್ಲಿ ಸಿಗುವ ಕಿತ್ತಳೆಗಳಲ್ಲಿ ಎರಡಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಕಾಫಿ ತೋಟಗಳ ನಡುವೆ ಬೆಳೆಯುವ ಕೊಡಗಿನ ಕಿತ್ತಳೆ ಒಂದು, ನಾಗಪುರದ ಕಿತ್ತಳೆ ಇನ್ನೊಂದು. ಕೊಡಗಿನ ಹಣ್ಣಿನ ಸಿಪ್ಪೆ ತೊಳೆಗೆ ಹೆಚ್ಚು ಅಂಟಿಕೊಂಡಿರುತ್ತದೆ, ರುಚಿಯಲ್ಲಿ ಸಿಹಿಯ ಜೊತೆ ಚುರುಕಾದ ಹುಳಿ ಇರುತ್ತದೆ. ಐಸ್‌ಕ್ಯಾಂಡಿಗೆ ಈ ಹುಳಿ ವರದಾನ. ಮೋಸಂಬಿ ಬೇರೆ ಜಾತಿ. ಅದರಲ್ಲಿ ಹುಳಿ ಕಡಿಮೆ, ಬಳಸುವುದಾದರೆ ನಿಂಬೆರಸ ಹೆಚ್ಚು ಹಾಕಬೇಕು.

ಮನೆಯಲ್ಲಿ ಮಾಡುವವರನ್ನು ಹೆಚ್ಚು ಕಾಡುವುದು ಕಹಿ. ಹಿಂಡಿದ ಕೂಡಲೇ ಸಿಹಿಯಾಗಿದ್ದ ರಸ ಎರಡು ಮೂರು ಗಂಟೆಯಲ್ಲಿ ಕಹಿಯಾಗಿಬಿಡುತ್ತದೆ. ಇದಕ್ಕೆ ಕಾರಣ ಲಿಮೋನಿನ್. ಇಡೀ ಹಣ್ಣಿನೊಳಗೆ ಅದು ಕಹಿಯಿಲ್ಲದ ಇನ್ನೊಂದು ರೂಪದಲ್ಲಿರುತ್ತದೆ. ತೊಳೆಯ ಪೊರೆ ಹರಿದು ಹುಳಿರಸದ ಜೊತೆ ಬೆರೆತಾಗ ನಿಧಾನವಾಗಿ ಲಿಮೋನಿನ್ ಆಗಿ ಬದಲಾಗುತ್ತದೆ. ಬೀಜದಲ್ಲಿಯೂ ಅದು ಇದ್ದೇ ಇದೆ. ಹೀಗಿರುವಾಗ ತೊಳೆಗಳನ್ನು ಬೀಜ, ನಾರಿನ ಸಮೇತ ಮಿಕ್ಸಿಗೆ ಹಾಕಿದರೆ ಕಹಿಯನ್ನು ಕೈಯಾರೆ ಕರೆದಂತೆ.

ಮಾಡಬೇಕಾದದ್ದು ಇಷ್ಟು. ಹಣ್ಣನ್ನು ಅಡ್ಡಡ್ಡ ಕೊಯ್ದು, ಹಿಂಡುವ ಬಟ್ಟಲಿನ ಮೇಲೆ ಹಗುರವಾಗಿ ಒತ್ತಿ. ಕೊನೆಯ ಹನಿಗಾಗಿ ಸಿಪ್ಪೆಯನ್ನು ತಿರುಚಬೇಡಿ. ರಸವನ್ನು ತಕ್ಷಣ ಸೋಸಿ, ಬೀಜ ಮತ್ತು ಬಿಳಿ ನಾರನ್ನು ತೆಗೆಯಿರಿ. ಜರಡಿಯಲ್ಲಿ ಉಳಿದ ತಿರುಳನ್ನು ಚಮಚದಿಂದ ಉಜ್ಜಿ ಇಳಿಸಬೇಡಿ. ರಸವನ್ನು ಬಿಸಿ ಮಾಡಲೇಬೇಡಿ. ಬಿಸಿ ತಾಗಿದರೆ ಕಹಿ ಬೇಗ ಏರುತ್ತದೆ, ಸಿ ಜೀವಸತ್ವ ಇಳಿಯುತ್ತದೆ, ಪರಿಮಳವೂ ಹಾರಿಹೋಗುತ್ತದೆ. ಹಿಂಡಿದ ಅರ್ಧ ಗಂಟೆಯೊಳಗೆ ಫ್ರೀಜರ್ ಸೇರಿದ ರಸ ಬಹುಮಟ್ಟಿಗೆ ಸಿಹಿಯಾಗಿಯೇ ಉಳಿಯುತ್ತದೆ.

ಕಿತ್ತಳೆ ಅಗ್ಗವಾಗಿ ಸಿಗುವುದು ಚಳಿಗಾಲದಲ್ಲಿ, ಕ್ಯಾಂಡಿ ಬೇಕಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಜನವರಿಯಲ್ಲೇ ರಸ ಹಿಂಡಿ, ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಗಾಳಿ ಹೋಗದ ಚೀಲದಲ್ಲಿ ತುಂಬಿಟ್ಟರೆ ಬೇಸಿಗೆಗೆ ಒದಗುತ್ತದೆ.

ಮಾಡುವ ಬಗೆ

ಏಳೆಂಟು ಕ್ಯಾಂಡಿಗೆ ಬೇಕಾಗುವ ಸಾಮಾನು: ಸೋಸಿದ ಕಿತ್ತಳೆ ರಸ ಅರ್ಧ ಲೀಟರ್, ಸಕ್ಕರೆ 60 ಗ್ರಾಂ, ನೀರು 100 ಮಿಲಿ ಲೀಟರ್, ನಿಂಬೆರಸ ಎರಡು ಟೀ ಚಮಚ, ಚಿಟಿಕೆ ಉಪ್ಪು, ಒಂದು ಕಿತ್ತಳೆಯ ಸಿಪ್ಪೆಯ ತುರಿ.

1. ಹಣ್ಣನ್ನು ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸಣ್ಣ ತುರಿಮಣೆಯಲ್ಲಿ ಹೊರಗಿನ ಬಣ್ಣದ ಪದರವನ್ನಷ್ಟೇ ತುರಿಯಿರಿ. ಬಿಳಿ ಪದರ ಕಾಣಿಸಿದ ಕೂಡಲೇ ಹಣ್ಣನ್ನು ತಿರುಗಿಸಿ ಇನ್ನೊಂದು ಕಡೆ ತುರಿಯಿರಿ. ಕಿತ್ತಳೆಯ ಘಮ ಇರುವುದು ಈ ಪದರದ ಎಣ್ಣೆಯಲ್ಲಿ. ತಣ್ಣಗಿರುವ ತಿನಿಸಿನಿಂದ ಪರಿಮಳ ಏಳುವುದು ಕಡಿಮೆ, ಆದ್ದರಿಂದ ಈ ತುರಿಯ ಬೆಂಬಲ ಬೇಕು.

2. ನೀರಿಗೆ ಸಕ್ಕರೆ, ಉಪ್ಪು ಹಾಕಿ ಚೆನ್ನಾಗಿ ಕುದಿಸಿ. ಎಳೆಪಾಕ ಬರಿಸಬೇಕಾಗಿಲ್ಲ, ಸಕ್ಕರೆ ಕರಗಿ ನೀರು ಮರಳಿದರೆ ಸಾಕು. ಒಲೆ ಆರಿಸಿ, ತುರಿ ಹಾಕಿ ಮುಚ್ಚಿಡಿ. ಪೂರ್ತಿ ಆರಿದ ಮೇಲೆ ಸೋಸಿ.

3. ಆರಿದ ಪಾಕಕ್ಕೆ ಆಗತಾನೇ ಹಿಂಡಿದ ರಸ, ನಿಂಬೆರಸ ಬೆರೆಸಿ ರುಚಿ ನೋಡಿ. ಪಾನಕವಾಗಿ ಕುಡಿಯುವುದಾದರೆ ಸಿಹಿ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಬೇಕು. ತಣ್ಣಗಿದ್ದಾಗ ನಾಲಿಗೆ ಸಿಹಿಯನ್ನು ಮಂದವಾಗಿ ಗ್ರಹಿಸುತ್ತದೆ. ಈಗಲೇ ಹದವಾಗಿ ಕಂಡರೆ ಹೆಪ್ಪುಗಟ್ಟಿದ ಮೇಲೆ ಸಪ್ಪೆಯಾಗುತ್ತದೆ.

4. ಅಚ್ಚು ಇಲ್ಲದಿದ್ದರೆ ಸ್ಟೀಲಿನ ಸಣ್ಣ ಲೋಟಗಳೇ ಸಾಕು. ಸ್ಟೀಲು ಶಾಖವನ್ನು ಪ್ಲಾಸ್ಟಿಕ್‌ಗಿಂತ ಬೇಗ ದಾಟಿಸುತ್ತದೆ. ಬೇಗ ಹೆಪ್ಪುಗಟ್ಟಿದಷ್ಟೂ ಹರಳು ಸಣ್ಣದಾಗಿ ಕ್ಯಾಂಡಿ ನಯವಾಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಹುಳಿಗೆ ಆಗಿಬರುವುದಿಲ್ಲ. ಮೇಲೆ ಅರ್ಧ ಬೆರಳಿನಷ್ಟು ಜಾಗ ಬಿಡಿ, ಏಕೆಂದರೆ ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ 9ರಷ್ಟು ಹಿಗ್ಗುತ್ತದೆ.

5. ರಸ ತುಂಬಿದ ಲೋಟಗಳನ್ನು ಫ್ರೀಜರಿನಲ್ಲಿಟ್ಟು, ಒಂದು, ಒಂದೂವರೆ ಗಂಟೆಯ ನಂತರ ರಸ ಗಸಿಯಂತೆ ದಪ್ಪಗಾದಾಗ ಒಮ್ಮೆ ಕಲಕಿ, ಕಡ್ಡಿಯನ್ನು ನೆಟ್ಟಗೆ ಚುಚ್ಚಿ. ಕಲಕಿದರೆ ದೊಡ್ಡ ಹರಳುಗಳು ಒಡೆಯುತ್ತವೆ, ಪಾಕವೆಲ್ಲ ನಡುವೆ ಸೇರಿಕೊಳ್ಳುವುದೂ ತಪ್ಪುತ್ತದೆ. ಮರದ ಕಡ್ಡಿಯೇ ಒಳ್ಳೆಯದು. ಅದರ ಒರಟು ಮೈಗೆ ರಸ ಇಳಿದು ಹಿಡಿದುಕೊಳ್ಳುತ್ತದೆ, ನುಣುಪಾದ ಪ್ಲಾಸ್ಟಿಕ್ ಕಡ್ಡಿ ಜಾರಿ ಬರುತ್ತದೆ.

6. ಫ್ರೀಜರಿನ ತಳಕ್ಕೋ ಹಿಂಬದಿಯ ಗೋಡೆಗೋ ತಾಗುವಂತೆ ಇಟ್ಟು ಇನ್ನೂ ಐದಾರು ಗಂಟೆ ಬಿಡಿ, ನಡುವೆ ಬಾಗಿಲು ತೆಗೆಯಬೇಡಿ. ಬಿಡಿಸುವಾಗ ಲೋಟವನ್ನು ಹತ್ತು ಹದಿನೈದು ಸೆಕೆಂಡು ನಲ್ಲಿ ನೀರಿನಡಿ ಹಿಡಿದರೆ ಸಾಕು, ಕ್ಯಾಂಡಿ ತಾನಾಗಿ ಸಡಿಲವಾಗುತ್ತದೆ.

ಕಡ್ಡಿಯ ಐಸ್‌ಗೆ ಅಮೆರಿಕದಲ್ಲಿ ಒಂದು ಪ್ರಸಿದ್ಧ ಕಥೆ ಇದೆ. ಕ್ಯಾಲಿಫೋರ್ನಿಯಾದ ಫ್ರಾಂಕ್ ಎಪರ್ಸನ್ 1905ರಲ್ಲಿ, ಹನ್ನೊಂದರ ಬಾಲಕನಾಗಿದ್ದಾಗ, ಸೋಡಾ ಪುಡಿ ಕಲಕಿದ ಲೋಟವನ್ನು ಕಡ್ಡಿಯ ಸಮೇತ ರಾತ್ರಿ ಹೊರಗೆ ಮರೆತನಂತೆ. ಬೆಳಗ್ಗೆ ಅದು ಕಡ್ಡಿಗೆ ಅಂಟಿ ಹೆಪ್ಪುಗಟ್ಟಿತ್ತಂತೆ. ದೊಡ್ಡವನಾದ ಮೇಲೆ ಅವನು ಪೇಟೆಂಟ್‌ಗೆ ಅರ್ಜಿ ಹಾಕಿದ, 1924ರಲ್ಲಿ ಅದು ಮಂಜೂರಾಯಿತು. ಪಾಪ್ಸಿಕಲ್ ಎಂಬ ಹೆಸರಿನ ಹಿಂದಿರುವವನು ಇವನೇ.

ನೀರು ಮತ್ತು ಬಣ್ಣ

ಮನೆಯಲ್ಲೇ ಮಾಡಬೇಕು ಎನ್ನಲು ಎರಡು ಗಟ್ಟಿ ಕಾರಣಗಳಿವೆ. ಮೊದಲನೆಯದು ನೀರು. ಚಳಿಗೆ ರೋಗಾಣು ಸಾಯುತ್ತದೆ ಎಂಬ ನಂಬಿಕೆ ತಪ್ಪು. ಟೈಫಾಯ್ಡ್ ಬ್ಯಾಕ್ಟೀರಿಯಾ, ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಮಂಜುಗಡ್ಡೆಯಲ್ಲಿ ಬದುಕುಳಿದು, ಕರಗಿದ ಮೇಲೆ ಹೊಟ್ಟೆ ಸೇರಬಲ್ಲವು. ನೀರು ಕುದಿಸಿಯೇ ಪಾಕ ಮಾಡಿ ಎಂದದ್ದು ಇದಕ್ಕಾಗಿ. ಹಿಂಡುವ ಕೈ, ಲೋಟ, ಕಡ್ಡಿ ಮೂರೂ ಶುಚಿಯಾಗಿರಬೇಕು. ಕಡ್ಡಿಗಳನ್ನು ಕುದಿನೀರಿನಲ್ಲಿ ಅದ್ದಿ ತೆಗೆಯಿರಿ.

ಎರಡನೆಯದು ಬಣ್ಣ. ಪೇಟೆಯ ಕಿತ್ತಳೆ ಐಸ್‌ಗೆ ಸಾಮಾನ್ಯವಾಗಿ ಬಳಕೆಯಾಗುವುದು ಸನ್‌ಸೆಟ್ ಯೆಲ್ಲೋ ಎಂಬ ಕೃತಕ ಬಣ್ಣ. ಅದಕ್ಕೆ ಕಾನೂನಿನ ಅನುಮತಿ ಇದೆ, ಪ್ರಮಾಣಕ್ಕೆ ಮಿತಿಯೂ ಇದೆ. ಆತಂಕ ಇರುವುದು ಮಿತಿ ಮೀರಿ ಸುರಿಯುವುದರ ಬಗ್ಗೆ, ಮೆಟಾನಿಲ್ ಯೆಲ್ಲೋದಂತಹ ನಿಷೇಧಿತ ಬಣ್ಣಗಳ ಬಗ್ಗೆ. ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯಲ್ಲಿ ಕೃತಕ ಬಣ್ಣಗಳ ಬಳಕೆಗೆ ತಡೆ ಹಾಕಿತು. ರೋಡಮೈನ್ ಬಿ ಎಂಬ ಬಟ್ಟೆಯ ಬಣ್ಣ ಆಗ ಮನೆಮಾತಾಯಿತು. ಹಣ್ಣಿನಿಂದಲೇ ಬಂದ ಬಣ್ಣ ತಿಳಿಯಾಗಿರುತ್ತದೆ, ಥಳಥಳಿಸುವುದಿಲ್ಲ. ಮಕ್ಕಳ ಕಣ್ಣಿಗೆ ಗಾಢ ಬಣ್ಣವೇ ಬೇಕಿದ್ದರೆ ಕ್ಯಾರೆಟ್ ತುರಿದು ಹಿಂಡಿದ ರಸ ಎರಡು ಚಮಚ ಬೆರೆಸಿ. ಕಿತ್ತಳೆಯ ಬಣ್ಣವೂ ಕ್ಯಾರೆಟ್ಟಿನ ಬಣ್ಣವೂ ಒಂದೇ ಕ್ಯಾರೊಟಿನಾಯ್ಡ್ ಕುಟುಂಬಕ್ಕೆ ಸೇರಿದವು.

ಫ್ರೀಜರ್ ಇಲ್ಲದೆ: ಮಾಡಿ ನೋಡಿ

ಒಂದು ಕಿಲೋ ಮಂಜುಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ ಕುಟ್ಟಿ ಪುಡಿ ಮಾಡಿ. ಬಕೆಟ್ಟಿನಲ್ಲಿ ಹರಡಿ, ಸುಮಾರು 300 ಗ್ರಾಂ ಕಲ್ಲುಪ್ಪು ಬೆರೆಸಿ. ಎರಡೇ ಬೆರಳೆತ್ತರ ರಸ ತುಂಬಿ ಬಾಯಿಕಟ್ಟಿದ ಸ್ಟೀಲ್ ಲೋಟವನ್ನು ಅದರ ನಡುವೆ ಹೂತಿಡಿ. ಉಪ್ಪು ತಾಗಿದ ಮಂಜುಗಡ್ಡೆ ಕರಗತೊಡಗುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಶಾಖ ಬೇಕು. ಅದನ್ನು ಪಕ್ಕದಲ್ಲಿರುವ ಲೋಟದಿಂದ ಎಳೆದುಕೊಳ್ಳುತ್ತದೆ. ಉಪ್ಪುನೀರು ಸೊನ್ನೆಯಲ್ಲಿ ಹೆಪ್ಪುಗಟ್ಟದ ಕಾರಣ ಕರಗುವಿಕೆ ನಿಲ್ಲದೆ ಸಾಗಿ, ಬಕೆಟ್ಟಿನ ಉಷ್ಣಾಂಶ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಈ ಮಿಶ್ರಣ ತಲುಪಬಲ್ಲ ಕನಿಷ್ಠ ಮಟ್ಟ ಮೈನಸ್ 21 ಡಿಗ್ರಿ. ಬರಿಗೈಯಲ್ಲಿ ಅದನ್ನು ಹಿಡಿದುಕೊಳ್ಳಬೇಡಿ, ಚರ್ಮಕ್ಕೆ ಸುಟ್ಟಂತಹ ಗಾಯವಾಗುತ್ತದೆ. ಶಾಲೆಯ ವಿಜ್ಞಾನ ತರಗತಿಯಲ್ಲಿ ಒಂದೇ ಪೀರಿಯಡ್ಡಿನಲ್ಲಿ ತೋರಿಸಬಹುದಾದ ಪ್ರಯೋಗ ಇದು.

ಮೊಸರು, ಕಾಮಕಸ್ತೂರಿ, ಕೆರೆದ ಐಸ್

ಕಿತ್ತಳೆ ರಸವನ್ನು ಹಾಲಿಗೆ ಬೆರೆಸಿದರೆ ಒಡೆಯುತ್ತದೆ, ಹಾಲಿನ ಕೇಸಿನ್ ಹುಳಿಗೆ ಗಂಟುಗಟ್ಟುತ್ತದೆ. ಮೊಸರಿನಲ್ಲಿ ಈ ಕೆಲಸ ಮೊದಲೇ ಮುಗಿದಿರುವುದರಿಂದ ತೊಂದರೆ ಇಲ್ಲ. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು ಒಂದು ಬಟ್ಟಲು, ರಸ ಅರ್ಧ ಬಟ್ಟಲು, ಸಕ್ಕರೆ ಐದು ಚಮಚ, ಏಲಕ್ಕಿ ಪುಡಿ ಚಿಟಿಕೆ ಸೇರಿಸಿ ಕಡೆದು ಅಚ್ಚಿಗೆ ಹಾಕಿ. ಮೊಸರಿನ ಕೊಬ್ಬು ಹರಳುಗಳ ನಡುವೆ ನಿಂತು ಕುಲ್ಫಿಯಂತಹ ನಯ ತರುತ್ತದೆ.

ನೆನೆಸಿದ ಕಾಮಕಸ್ತೂರಿ ಬೀಜ ಒಂದು ಚಮಚ ಹಾಕಿದರೆ ಅದರ ಲೋಳೆ ನೀರನ್ನು ಹಿಡಿದಿಟ್ಟುಕೊಂಡು ಕ್ಯಾಂಡಿ ತಡವಾಗಿ ಕರಗುತ್ತದೆ. ಕಡ್ಡಿಯೇ ಬೇಡವೆಂದರೆ ರಸವನ್ನು ಅಗಲವಾದ ತಟ್ಟೆಯಲ್ಲಿ ಹೆಪ್ಪಿಗಿಟ್ಟು, ಅರ್ಧರ್ಧ ಗಂಟೆಗೊಮ್ಮೆ ಮುಳ್ಳುಚಮಚದಿಂದ ಕೆರೆಯಿರಿ. ಇಟಲಿಯ ಸಿಸಿಲಿಯಲ್ಲಿ ಗ್ರಾನೀಟಾ ಎನ್ನುವುದು ಈ ಬಗೆಯ ತಿನಿಸಿಗೇ. ಹಲ್ಲಿಲ್ಲದ ಅಜ್ಜ ಅಜ್ಜಿಯರಿಗೆ ಇದೇ ಅನುಕೂಲ.

ಬೇರೆ ಹಣ್ಣುಗಳಿಗೆ

ಕಿತ್ತಳೆಯಲ್ಲಿ ಕಲಿತ ಲೆಕ್ಕ ಬೇರೆ ಹಣ್ಣಿಗೂ ಸಲ್ಲುತ್ತದೆ. ರಸ, ನೀರು, ಸಕ್ಕರೆ ಎಲ್ಲ ಸೇರಿ ನೂರಕ್ಕೆ 15ರಿಂದ 17 ಪಾಲು ಸಕ್ಕರೆ ಇರಬೇಕು, ಅಷ್ಟೇ. ಚೆನ್ನಾಗಿ ಹಣ್ಣಾದ ಮಾವಿಗೆ ಸಕ್ಕರೆಯ ಅಗತ್ಯ ಹೆಚ್ಚುಕಡಿಮೆ ಇಲ್ಲ, ನಿಂಬೆಹುಳಿ ಸಾಕು. ಕಲ್ಲಂಗಡಿಯಲ್ಲಿ ಸಕ್ಕರೆ ಕಿತ್ತಳೆಗಿಂತ ಕಡಿಮೆ, ಆದ್ದರಿಂದ ಜಾಸ್ತಿ ಹಾಕಬೇಕು. ಪುನರ್ಪುಳಿಯ ರಸದಲ್ಲಿ ಸಿಹಿ ಇಲ್ಲವೇ ಇಲ್ಲ ಎನ್ನಬಹುದು, ಪೂರ್ತಿ ಪಾಕದ ಮೇಲೇ ನಿಲ್ಲಬೇಕು. ಮಾಡಿದ್ದು ಕಲ್ಲಾದರೆ ಕರಗಿಸಿ ಇನ್ನೊಂದು ಚಮಚ ಸಕ್ಕರೆ ಸೇರಿಸಿ. ನಿಲ್ಲದೆ ಜಾರಿದರೆ ಇನ್ನಷ್ಟು ರಸ ಬೆರೆಸಿ ಮತ್ತೆ ಹೆಪ್ಪಿಗಿಡಿ. ಹಣ್ಣಿನ ಸಿಹಿಯನ್ನು ನಾಲಿಗೆಯಲ್ಲಿ ಅಂದಾಜು ಮಾಡಿ, ಕೊರತೆಯನ್ನು ಪಾಕದಿಂದ ತುಂಬುವುದು ರೂಢಿಯಾದರೆ, ಆಯಾ ಕಾಲದಲ್ಲಿ ಸಂತೆಗೆ ಬರುವ ಯಾವ ಹಣ್ಣನ್ನಾದರೂ ಮಕ್ಕಳ ಕೈಗೆ ಒಳ್ಳೆಯ ಕ್ಯಾಂಡಿ ಮಾಡಿ ಕೊಡಬಹುದು.