ಬಿಗಿದ ನಲ್ಲಿಗೆ ಬಲ ಬೇಡ, ಸಿರ್ಕಾ ಸಾಕು

ಜ್ಞಾನಭಾರತಿಯ ಕಡೆ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ವುಝೂ ಮಾಡುವ ನಲ್ಲಿಯ ಮೂತಿಗೆ ಬಿಳಿ ಪದರ ಕಟ್ಟುವುದುಂಟು. ಅದು ಗಡಸು ನೀರಿನ ಸುಣ್ಣ. ಮೂತಿಯ ಜಾಲರಿ ಅದರಿಂದ ಕಚ್ಚಿಕೊಂಡು ಬಿಚ್ಚಲು ಬಾರದಂತಾಗುತ್ತದೆ. ಒಳಗೆ ಕೊಳೆ, ಲೋಳೆ ಸೇರುತ್ತದೆ.

ಬಲವಂತವಾಗಿ ತಿರುಗಿಸಬೇಡಿ, ನಲ್ಲಿಯೇ ಮುರಿದೀತು. ಯುನಾನಿ ಔಷಧಿಗಳಲ್ಲಿ ನಾವು ಬಳಸುವ ಸಿರ್ಕಾ, ಅಂದರೆ ವಿನೆಗರ್, ಸುಣ್ಣವನ್ನು ಕರಗಿಸುತ್ತದೆ. ಅದರಲ್ಲಿ ನೆನೆಸಿದ ಬಟ್ಟೆಯನ್ನು ಮೂತಿಗೆ ಸುತ್ತಿ 1 ಗಂಟೆ ಬಿಡಿ. ಬಳಿಕ ಒಣಬಟ್ಟೆ ಸುತ್ತಿ ಇಕ್ಕಳದಿಂದ ಮೆಲ್ಲನೆ ಬಿಚ್ಚಿ, ಜಾಲರಿಯನ್ನು ಹಳೆಯ ಬ್ರಶ್‌ನಿಂದ ಉಜ್ಜಿ ತೊಳೆಯಿರಿ.

ಎಚ್ಚರಿಕೆ: ಸಿರ್ಕಾ ಅಥವಾ ಆ್ಯಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಎಂದಿಗೂ ಸೇರಿಸಬೇಡಿ. ಆಗ ಹೊಮ್ಮುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ವಿಷ. ಕೆಮ್ಮು, ಕಣ್ಣುರಿ ಬಂದರೆ ತಕ್ಷಣ ಹೊರಗೆ ಗಾಳಿಗೆ ಬನ್ನಿ. ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.