ಹೊಸ ತಂತ್ರಾಂಶದ ಮುಂದೆ ಮೊದಲ ಐವರು

ನಿಮ್ಮ ಕಾಲೇಜಿನ ಮೂವರು ಗೆಳೆಯರು ಸೇರಿ ಬ್ಲಾಗ್ ಬರೆಯುವ ತಂತ್ರಾಂಶವೊಂದನ್ನು ಸಿದ್ಧಪಡಿಸಿದ್ದಾರೆಂದು ಭಾವಿಸೋಣ. ಆರು ತಿಂಗಳು ನಿದ್ದೆಗೆಟ್ಟು ಮಾಡಿದ ಕೆಲಸ. ಅವರ ಗಣಕದಲ್ಲಿ ಅದು ಸರಾಗವಾಗಿ ಓಡುತ್ತದೆ. ಬೇರೆ ವಿಭಾಗದ ಒಬ್ಬ ಹುಡುಗಿಯನ್ನು ಕರೆದು ಅದರ ಮುಂದೆ ಕೂರಿಸುತ್ತಾರೆ. ಆಕೆ ಪರದೆಯನ್ನು ನೋಡುತ್ತಾಳೆ, ಎರಡು ಮೂರು ಕಡೆ ಒತ್ತುತ್ತಾಳೆ, "ಚೆನ್ನಾಗಿದೆ" ಎಂದು ಹೇಳಿ ಎದ್ದು ಹೋಗುತ್ತಾಳೆ. ಮತ್ತೆ ಬರುವುದಿಲ್ಲ. ಆಕೆ ಒಂದು ಸಾಲನ್ನೂ ಬರೆಯಲಿಲ್ಲವೆಂಬುದು ಆಮೇಲೆ ತಿಳಿಯುತ್ತದೆ. ಎಲ್ಲಿಂದ ಆರಂಭಿಸಬೇಕೆಂಬುದು ಅವಳಿಗೆ ಹೊಳೆಯಲಿಲ್ಲ, ಕೇಳಲು ಸಂಕೋಚ.

ತಂತ್ರಾಂಶ ಲೋಕದಲ್ಲಿ ತಯಾರಿಸಿದವರೇ ಒಳಗೊಳಗೆ ನಡೆಸುವ ಪರೀಕ್ಷೆಗೆ ಆಲ್ಫಾ ಎಂದೂ, ಹೊರಗಿನ ಕೆಲವರ ಕೈಗೆ ಕೊಟ್ಟು ನೋಡುವುದಕ್ಕೆ ಬೀಟಾ ಎಂದೂ ಹೆಸರು. ಪರೀಕ್ಷೆ ಎಂದೊಡನೆ ನಿಮಗೆ ಕೆಂಪು ಶಾಯಿ ನೆನಪಾಗಬಹುದು. ಇಲ್ಲಿ ಪರೀಕ್ಷೆಗೆ ಕುಳಿತಿರುವುದು ತಂತ್ರಾಂಶ, ಬಳಸುವವರಲ್ಲ. ಇದನ್ನು ಮೊದಲ ಮಾತಾಗಿ ಬಂದವರಿಗೆ ತಿಳಿಸಬೇಕು. ಇಲ್ಲವಾದರೆ ತಪ್ಪು ತಮ್ಮದೇ ಎಂದುಕೊಂಡು ಸುಮ್ಮನಾಗುತ್ತಾರೆ.

ಒಂದು ನಿಜವಾದ ಉದಾಹರಣೆಯನ್ನು ನೋಡೋಣ. ಮಿಷೆಲ್ ವಾಲ್ಡ್ರಿಘಿ ಎಂಬವರು ಬರೆದ ಬಿ2 ಎಂಬ ಬ್ಲಾಗ್ ತಂತ್ರಾಂಶದ ಕೆಲಸ ನಿಂತುಹೋದಾಗ, ಅಮೆರಿಕದ ಮ್ಯಾಟ್ ಮಲ್ಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟಲ್ ಅದನ್ನೇ ಆಧಾರವಾಗಿಟ್ಟುಕೊಂಡು 2003ರ ಮೇ 27ರಂದು ವರ್ಡ್‌ಪ್ರೆಸ್ ಎಂಬ ಹೊಸ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಆಗ ಮಲ್ಲೆನ್‌ವೆಗ್‌ಗೆ 19 ವರ್ಷ, ಕಾಲೇಜು ವಿದ್ಯಾರ್ಥಿ. ಇಂಥ ತಂತ್ರಾಂಶವನ್ನು ಬಳಸಬೇಕಾದವರು ಮೊದಲು ಕಡತಗಳನ್ನು ಸರ್ವರಿಗೆ ಸಾಗಿಸಬೇಕಿತ್ತು; ಅಲ್ಲೊಂದು ಡೇಟಾಬೇಸ್ ತೆರೆಯಬೇಕಿತ್ತು; ಬಳಿಕ ಒಂದು ಕಡತವನ್ನು ಬಿಡಿಸಿ ಡೇಟಾಬೇಸಿನ ಹೆಸರು, ಬಳಕೆದಾರನ ಹೆಸರು, ಗುಪ್ತಪದ ಇವನ್ನು ಕೈಯಾರೆ ತುಂಬಬೇಕಿತ್ತು. ಒಂದು ಉದ್ಧರಣ ಚಿಹ್ನೆ ಬಿಟ್ಟುಹೋದರೂ ಕೆಲಸ ಕೆಟ್ಟಿತು. ವರ್ಡ್‌ಪ್ರೆಸ್ ತಂಡ ಇದನ್ನೆಲ್ಲ "ಐದು ನಿಮಿಷದ ಸ್ಥಾಪನೆ"ಗೆ ಇಳಿಸುವುದನ್ನು ತನ್ನ ಹೆಗ್ಗಳಿಕೆಯಾಗಿ ಮಾಡಿಕೊಂಡಿತು. ಆ ವಿವರಗಳನ್ನು ಬ್ರೌಸರಿನಲ್ಲೇ ತುಂಬುವ ಪುಟವೂ ಮುಂದೆ ಬಂತು. ಸ್ಥಾಪನೆ ಮುಗಿದಾಗ ಬ್ಲಾಗು ಖಾಲಿಯಾಗಿರುವುದಿಲ್ಲ. "ಹಲೋ ವರ್ಲ್ಡ್" ಎಂಬ ಶೀರ್ಷಿಕೆಯ ಪುಟ್ಟ ಬರಹ ಅಲ್ಲಿ ಮೊದಲೇ ಇರುತ್ತದೆ. ಇದನ್ನು ತಿದ್ದಿ ಅಥವಾ ಅಳಿಸಿ, ಬರೆಯಲು ತೊಡಗಿ ಎಂಬ ಸೂಚನೆ ಅದರೊಳಗೇ ಉಂಟು. ನನ್ನ ದೃಷ್ಟಿಯಲ್ಲಿ ಇದು ಬಹಳ ಜಾಣತನದ ಏರ್ಪಾಡು. ಖಾಲಿ ಹಾಳೆಯ ಮುಂದೆ ಕೈ ಕಟ್ಟಿಹೋಗುವವರು ಇನ್ನೊಬ್ಬರ ಸಾಲನ್ನು ತಿದ್ದಲು ಹಿಂಜರಿಯುವುದಿಲ್ಲ.

ನಮ್ಮ ಮೂವರು ಗೆಳೆಯರಿಗೂ ಇಲ್ಲೊಂದು ಪಾಠವಿದೆ. ಸ್ಥಾಪನೆ ಸುಲಭವೇ ಎಂಬುದು ಒಂದು ಪ್ರಶ್ನೆ, ಬರೆಯುವುದು ಸುಲಭವೇ ಎಂಬುದು ಇನ್ನೊಂದು. ಎರಡನ್ನೂ ಒಬ್ಬರ ತಲೆಗೆ ಕಟ್ಟಿದರೆ ಅವರು ಮೊದಲನೆಯದರಲ್ಲೇ ಸೋತು ಹೋಗುತ್ತಾರೆ. ಬರವಣಿಗೆಯನ್ನು ಪರೀಕ್ಷಿಸುವವರಿಗೆ ಖಾತೆಯನ್ನು ಸಿದ್ಧಮಾಡಿಯೇ ಕೊಡಬೇಕು. "ನೋಡಿ ಅಭಿಪ್ರಾಯ ತಿಳಿಸಿ" ಎನ್ನುವ ಬದಲು ಖಚಿತವಾದ ಕೆಲಸವನ್ನು ಕೊಡಬೇಕು: ನಿಮ್ಮೂರ ಜಾತ್ರೆಯ ಬಗ್ಗೆ ನಾಲ್ಕು ಸಾಲು ಬರೆಯಿರಿ, ಒಂದು ಚಿತ್ರ ಸೇರಿಸಿ, ಪ್ರಕಟಿಸಿ, ಆಮೇಲೆ ಒಂದು ಪದವನ್ನು ತಿದ್ದಿ.

ಎಷ್ಟು ಜನರನ್ನು ಕರೆಯಬೇಕು? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು. ಇಲ್ಲಿ ಒಬ್ಬರು ಸಾಲದು. ಯಾಕೊಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ ಎಂಬ ತಜ್ಞರು 1993ರಲ್ಲಿ ಇದಕ್ಕೊಂದು ಸೂತ್ರವನ್ನು ಕೊಟ್ಟರು. ಅವರು ಅಧ್ಯಯನ ಮಾಡಿದ ಯೋಜನೆಗಳಲ್ಲಿ ಒಬ್ಬ ಬಳಕೆದಾರನಿಂದ ಸರಾಸರಿ ಶೇಕಡಾ 31ರಷ್ಟು ತೊಡಕುಗಳು ಬಯಲಾಗುತ್ತಿದ್ದವು. ಅಂದರೆ ಶೇಕಡಾ 69 ಉಳಿಯಿತು. ನೀವೇ ಲೆಕ್ಕ ಹಾಕಿ ನೋಡಿ: 0.69ನ್ನು ಐದು ಸಲ ಗುಣಿಸಿದರೆ ಸುಮಾರು 0.16 ಬರುತ್ತದೆ. ಐವರ ನಂತರ ಉಳಿಯುವುದು ಶೇಕಡಾ 16 ಮಾತ್ರ. ಆರನೆಯವರು, ಏಳನೆಯವರು ಬಂದು ಮತ್ತೆ ಅದೇ ಕಲ್ಲನ್ನು ಎಡವುತ್ತಾರೆ. ಆದ್ದರಿಂದ ಹದಿನೈದು ಜನ ಸಿಕ್ಕಿದರೆ ಐದೈದರಂತೆ ಮೂರು ಸರದಿ ಮಾಡಿ, ನಡುವೆ ದೋಷಗಳನ್ನು ತಿದ್ದಿಕೊಳ್ಳಬೇಕೆಂಬುದು ನೀಲ್ಸನ್ ಅವರ ಸಲಹೆ.

ಇದಕ್ಕೆ ಇನ್ನೂ ಒಂದು ಕಾರಣವಿದೆ, ನನಗೆ ಅದೇ ಮುಖ್ಯವೆನಿಸುತ್ತದೆ. ಒಬ್ಬ ವ್ಯಕ್ತಿ ಒಂದು ತಂತ್ರಾಂಶಕ್ಕೆ ಹೊಸಬನಾಗಿರುವುದು ಒಂದೇ ಸಲ. ಎರಡನೆಯ ದಿನ ಅವನಿಗೆ ಗುಂಡಿ ಎಲ್ಲಿದೆಯೆಂದು ಗೊತ್ತಿರುತ್ತದೆ. ಐವತ್ತು ಗೆಳೆಯರನ್ನು ಒಂದೇ ಸಂಜೆ ಕರೆದರೆ ಐವತ್ತು ಹೊಸ ಕಣ್ಣುಗಳೂ ಒಂದೇ ದೋಷದ ಮೇಲೆ ಖರ್ಚಾಗಿ ಹೋದವು! ಲೈವ್‌ಜರ್ನಲ್ ಎಂಬ ಬ್ಲಾಗ್ ತಾಣ 2001ರಿಂದ 2003ರವರೆಗೆ, ಜಿಮೇಲ್ 2004ರಲ್ಲಿ, ಆಹ್ವಾನವಿದ್ದವರಿಗೆ ಮಾತ್ರ ಬಾಗಿಲು ತೆರೆದವು. ಅಲ್ಲಿ ಸರ್ವರುಗಳ ಮೇಲಿನ ಹೊರೆಯ ಚಿಂತೆಯೂ ಇತ್ತೆನ್ನಿ.

ಬಂದವರು ಕುಳಿತ ಮೇಲೆ ತಯಾರಕರು ಮಾಡಬೇಕಾದದ್ದು ಬಾಯಿ ಮುಚ್ಚಿಕೊಂಡು ನೋಡುವುದು. ಇದು ಬಹು ಕಷ್ಟ. ಹೆತ್ತವರಿಗೆ ಹೆಗ್ಗಣ ಮುದ್ದು! "ಅಲ್ಲಿ ಮೇಲೆ ಒತ್ತಿ" ಎಂದು ಬೆರಳು ಚಾಚಿದ ಗಳಿಗೆಯಲ್ಲೇ ಸಾಕ್ಷ್ಯ ಅಳಿಸಿಹೋಯಿತು. ನಾಳೆ ಮನೆಯಲ್ಲಿ ಒಬ್ಬರೇ ಕುಳಿತು ಬಳಸುವವರ ಪಕ್ಕದಲ್ಲಿ ಈ ಬೆರಳು ಇರುವುದಿಲ್ಲ.

ಐವರೂ ಒಂದೇ ತರಗತಿಯ ಗಣಕ ವಿಜ್ಞಾನದ ವಿದ್ಯಾರ್ಥಿಗಳಾಗಬಾರದು. ಕನ್ನಡದಲ್ಲಿ ಬರೆಯುವ ಒಬ್ಬರಂತೂ ಇರಲೇಬೇಕು. ಇದು ಅಭಿಮಾನದ ಮಾತಲ್ಲ. ವರ್ಡ್‌ಪ್ರೆಸ್‌ನಲ್ಲಿ ಲೇಖನದ ಶೀರ್ಷಿಕೆಯಿಂದಲೇ ಅದರ ಜಾಲವಿಳಾಸ ತಯಾರಾಗುವ ವ್ಯವಸ್ಥೆಯಿದೆ; ಆ ಭಾಗಕ್ಕೆ 200 ಅಕ್ಷರಗಳ ಮಿತಿ. ಇಂಗ್ಲಿಷಿಗೆ ಧಾರಾಳವಾಯಿತು. ಆದರೆ ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಜಾಲವಿಳಾಸದಲ್ಲಿ ಪ್ರತಿ ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರಗಳಾಗುತ್ತದೆ. ಒಂದು 'ಕ' ಬರೆದರೆ ಒಂಬತ್ತು ಅಕ್ಷರಗಳು ಸಂದವು. ಕಾಗುಣಿತದ ಗುರುತು, ಒತ್ತಕ್ಷರ ಇವುಗಳಿಗೆ ಬೇರೆ ಲೆಕ್ಕ. ಹೀಗೆ 22 ಸಂಕೇತಗಳಿಗೇ ಮಿತಿ ಮುಗಿದು, ಉದ್ದನೆಯ ಕನ್ನಡ ಶೀರ್ಷಿಕೆಯ ವಿಳಾಸ ನಡುವೆ ತುಂಡಾಗುತ್ತದೆ. ಡೇಟಾಬೇಸನ್ನು ಲ್ಯಾಟಿನ್ ಲಿಪಿಗಷ್ಟೇ ಹೊಂದಿಸಿದ್ದರೆ ಬರಹವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾದೀತು. ಇಂಗ್ಲಿಷಿನಲ್ಲಷ್ಟೇ ಬರೆಯುವ ನೂರು ಜನ ವರ್ಷವಿಡೀ ಕುಳಿತರೂ ಇವು ಅವರ ಕಣ್ಣಿಗೆ ಬೀಳುವುದಿಲ್ಲ.

ದೋಷ ಕಂಡವರು ಮೂರು ಸಂಗತಿಗಳನ್ನು ಬರೆದುಕೊಟ್ಟರೆ ಸಾಕು: ಏನು ಮಾಡಿದೆ, ಏನಾಗುವುದೆಂದು ನಿರೀಕ್ಷಿಸಿದೆ, ಏನಾಯಿತು. "ಕೆಲಸ ಮಾಡುತ್ತಿಲ್ಲ" ಎಂಬ ವರದಿಯಿಂದ ಯಾರಿಗೂ ಉಪಯೋಗವಿಲ್ಲ. ಇಷ್ಟು ಶ್ರಮ ಪಟ್ಟವರಿಗೆ ಪ್ರತಿಫಲವೇನು? ಟೆಕ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶವನ್ನು ರಚಿಸಿದ ಡೊನಾಲ್ಡ್ ನೂತ್, ದೋಷ ತೋರಿಸಿದವರಿಗೆ 2.56 ಡಾಲರಿನ ಚೆಕ್ಕು ಬರೆಯಲಾರಂಭಿಸಿ, ವರ್ಷವರ್ಷವೂ ಅದನ್ನು ಇಮ್ಮಡಿಗೊಳಿಸುತ್ತ 327.68 ಡಾಲರಿಗೆ ನಿಲ್ಲಿಸಿದರು. ಅನೇಕರು ಅದನ್ನು ಬ್ಯಾಂಕಿಗೆ ಒಯ್ಯದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ನಮ್ಮ ಗೆಳೆಯರು ಒಂದು ಲೋಟ ಕಾಫಿ ಕೊಡಿಸಿ, ದೋಷ ತಿದ್ದಿದ ದಿನವೇ ಅದನ್ನು ತೋರಿಸಿದವರಿಗೆ "ನೀವು ಹೇಳಿದ್ದು ಸರಿಹೋಯಿತು, ನೋಡಿ" ಎಂದು ತಿಳಿಸಬಹುದು. ಮೊದಲ ದಿನ ಎದ್ದುಹೋದ ಹುಡುಗಿಯನ್ನೂ ಮತ್ತೆ ಕರೆಯಲಿ; ಎಲ್ಲಿ ತಡೆಯಿತೆಂದು ಆಕೆಯನ್ನೇ ಕೇಳಲಿ.